ನಾನು ತಿದ್ದಿದ ಉತ್ತರಗಳು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಈಗ ಮುಂದೂಡಿ ಮುಂದೂಡಿಯೇ ದಣಿದಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಿವೃತ್ತನಾದ ಮೇಲೆ ದೆಹಲಿಯ ಜನಕಪುರಿಯ ಮನೆಯಲ್ಲೇ ಟೈಪಿಂಗ್ ಮಾಡಿಕೊಡುತ್ತಿದ್ದೆ. ಮಕ್ಕಳು ವಿಜ್ಞಾನವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಕೊಡಗಿನ ಹುಡುಗಿಯೊಬ್ಬಳು, ಶಾಲಾ ಮಕ್ಕಳು ಹಿಂದಿಯಲ್ಲಿ ಬರೆದ ಉತ್ತರಗಳ ಕಟ್ಟು ತಂದುಕೊಟ್ಟಳು.

"ಹೇಗಿದ್ಯೋ ಹಾಗೇ ಟೈಪ್ ಮಾಡಿ ಅಂಕಲ್."

ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂದು ಒಂದು ಮಗು ಬರೆದಿತ್ತು. ಪಾಪ, ಅಂಕ ಹೋಗುತ್ತದಲ್ಲ ಎಂದು ಸರಿಪಡಿಸಿದೆ. ಆಮೇಲೆ ಕಂಡಕಂಡ ತಪ್ಪನ್ನೆಲ್ಲ ತಿದ್ದುತ್ತ ಹೋದೆ. ಅವಳ ಸಂಶೋಧನೆಗೆ ಬೇಕಾಗಿದ್ದದ್ದೇ ಆ ತಪ್ಪುಗಳು ಎಂಬುದು ನನಗೆ ಹೊಳೆಯಲಿಲ್ಲ.

ಅವಳ ಗೈಡ್ ಮೂಲ ಹಾಳೆಗಳನ್ನು ತರಿಸಿ ಹೋಲಿಸಿ ನೋಡಿದರು. ಉತ್ತರಗಳನ್ನು ಅವಳೇ ಬದಲಿಸಿದ್ದಾಳೆ ಎಂದರು. ಅವಳು ನನಗೆ ಫೋನ್ ಮಾಡಿದಳು.

"ಅಂಕಲ್, ನೀವೇನಾದ್ರೂ ತಿದ್ದಿದ್ರಾ? ನನ್ನ ಪಿಎಚ್.ಡಿ.ನೇ ಹೋಗುತ್ತೆ."

"ಇಲ್ಲಮ್ಮ, ಇದ್ದದ್ದನ್ನೇ ಹೊಡ್ದೆ."

"ಅಚ್ಛಾ... ಹಾಗಾದ್ರೆ ಫೈಲ್ ನಾನೇ ಎಲ್ಲೋ ಕೆಡಿಸಿರ್ಬೇಕು. ಸಾರಿ ಅಂಕಲ್."

ಗೈಡ್ ಮತ್ತೆ ಅವಳ ಕೆಲಸ ನೋಡಲು ಒಪ್ಪಲಿಲ್ಲ. ಅವಳು ಓದು ಬಿಟ್ಟು ದೆಹಲಿಯಿಂದ ಹೊರಟುಹೋದಳೆಂದು ಅವಳ ಗೆಳತಿ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಅವಳ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ನಾನು ಈವರೆಗೆ ಕ್ಷಮೆ ಕೇಳದಿರುವುದು, ಅಂದು ನನ್ನನ್ನೇ ಕ್ಷಮೆ ಕೇಳಿದ ಆ ಕೊಡಗಿನ ಹುಡುಗಿಯನ್ನು.