ಹೊತ್ತು ಮುಳುಗುವ ಮುಂಚಿನ ಕಡಾಯಿ

ಇಸವಿ 1958 ಇರಬೇಕು. 59 ಎಂದು ಯಾರಾದರೂ ವಾದಿಸಿದರೆ ನಾನು ಹಟ ಹಿಡಿಯುವುದಿಲ್ಲ. ಏಕೀಕರಣವಾಗಿ ಸ್ವಲ್ಪ ಕಾಲವಾಗಿತ್ತು. ಪುಣೆಯಲ್ಲಿ ವೈದ್ಯಕೀಯ ಓದಿದ ನಾನು ಗೋಕಾಕದ ದವಾಖಾನೆಗೆ ವೈದ್ಯನಾಗಿ ಬಂದಿದ್ದೆ. ನೆನಪನ್ನು ಸುಲಭವಾಗಿ ನಂಬುವವನಲ್ಲ ನಾನು. ಆದರೂ ಪರಪ್ಪನ ಎಡಪಾದ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮಮದಾಪುರದ ಪರಪ್ಪ ಬಸ್ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಭಜಿ ಕರಿಯುತ್ತಿದ್ದ. ಹಿಂದಿನ ಸಂಜೆ ಕಡಾಯಿ ಎತ್ತಿ ಒಯ್ಯುವಾಗ ಬಿಸಿ ಎಣ್ಣೆ ಪಾದದ ಮೇಲೆ ಚೆಲ್ಲಿತ್ತು. ಕಣಕಾಲಿನ ತನಕ ಗುಳ್ಳೆಗಳೆದ್ದು ಒಡೆದಿದ್ದವು. ಮೇಲೆ ಯಾರೋ ಸುಣ್ಣ ಮೆತ್ತಿದ್ದರು. ತೊಳೆದು, ವ್ಯಾಸಲೀನ್ ಸವರಿದ ಗಾಜ್ ಬಟ್ಟೆ ಸುತ್ತಿ, ಪೆನಿಸಿಲಿನ್ ಕೊಟ್ಟೆ. ನನಗಿದ್ದ ಭಯ ಕಾಂಟ್ರ್ಯಾಕ್ಚರ್‌ನದು. ಎಂದರೆ, ಗಾಯ ಮಾಯುವಾಗ ಚರ್ಮ ಬಿಗಿದು ಪಾದವನ್ನೇ ಮೇಲಕ್ಕೆ ಎಳೆದುಬಿಡುತ್ತದೆ. ಅದೇ ಹೋಟೆಲಿನಿಂದ ಇಂಥದೇ ಪಾದ ಹಿಂದೆಯೂ ನನ್ನ ಮೇಜಿನ ಮೇಲೆ ಬಂದಿತ್ತು.

"ಇವತ್ತ ಸಂಜಿಯಿಂದ ಇವನ ಜಾಗಾದಾಗ ನಾ ನಿಂದ್ರತೇನ್ರಿ ಸಾಹೇಬ್ರ," ಎಂದಳು ಅವನ ಹೆಂಡತಿ ಗಂಗವ್ವ. "ಇಲ್ಲಾಂದ್ರ ಆ ಕೆಲಸ ಬ್ಯಾರೆದವ್ರಿಗೆ ಹೋಕ್ಕೈತಿ."

"ಕಡಾಯಿ ಅಂದ್ರ ನಿನ್ನ ರೊಟ್ಟಿ ಹಂಚಲ್ಲ," ಪರಪ್ಪ ನರಳುತ್ತಲೇ ಗದರಿದ.

"ನೀ ಭಾಳ ನೆಟ್ಟಗ ಎತ್ತಿದಿ, ಕಂಡೇನಿ. ಸುಮ್ನಿರು."

ಇನ್ನೊಂದು ಸುಟ್ಟ ಕಾಲಿಗಾಗಿ ಕಾಯುತ್ತ ಕೂರಲು ನನಗೆ ಮನಸ್ಸಾಗಲಿಲ್ಲ. ಸಂಜೆ ನಾನೇ ಹೋಟೆಲಿಗೆ ಹೋದೆ.

ಅಡುಗೆಮನೆಯ ಫರ್ಸಿಕಲ್ಲಿನ ನೆಲವನ್ನು ಆಗಷ್ಟೇ ತೊಳೆದಿದ್ದರು. ಗಂಗವ್ವ ಮತ್ತು ಇನ್ನೊಬ್ಬ ಅಡುಗೆಯವ ಬರಿಗಾಲಲ್ಲಿ ನಿಂತು, ಕಡಾಯಿಯ ಕಿವಿಗಳಿಗೆ ಬಟ್ಟೆ ಸುತ್ತುತ್ತಿದ್ದರು. ಹೊಗೆಯಾಡುವ ಎಣ್ಣೆಯನ್ನು ಹಿತ್ತಲ ಕೋಣೆಗೆ ಒಯ್ದು ಡಬ್ಬಿಗೆ ಸೋಸಿ ಮುಚ್ಚಬೇಕು, ಅದೂ ಹೊತ್ತು ಮುಳುಗುವುದರೊಳಗೆ.

"ಎತ್ತಬ್ಯಾಡ್ರಿ!" ಎಂದು ಬಾಗಿಲಿಗೆ ಅಡ್ಡ ನಿಂತೆ.

ಮಾಲಕ ಪದ್ಮಣ್ಣ ಹಣದ ಗಲ್ಲೆ ಬಿಟ್ಟು ಓಡಿ ಬಂದ. ಜೈನರವನು, ಮೆತ್ತನೆಯ ಮನುಷ್ಯ. "ಏನ್ ಸಾಹೇಬ್ರ, ಹೊತ್ತ ಮುಳಗಾಕತ್ತೈತಿ! ಕತ್ತಲಾದ ಮ್ಯಾಲ ಎಣ್ಣಿ ತೆರದಿಟ್ರ ಹುಳಾ ಬಿದ್ದು ಸಾಯ್ತಾವ. ಆ ಪಾಪ ನನಗ ಬ್ಯಾಡ್ರಿ."

"ಅಲ್ಲೇ ಮುಚ್ಚಿಡ್ರಿ."

"ಬಿಸಿ ಎಣ್ಣಿಗೆ ಮುಚ್ಚಳಾ ಹಾಕಿದ್ರ ಬೆವತು ನೀರು ಬೀಳತೈತಿ, ಸಿಡೀತೈತಿ. ನೀವು ಒಮ್ಮೆ ಭಜಿ ಕರದು ನೋಡ್ರಿ."

"ಹಂಗಾದ್ರ ಕೊನೀ ಭಜಿ ಒಂದ ತಾಸು ಮೊದಲ ಇಳಸ್ರಿ, ಎಣ್ಣಿ ಆರತೈತಿ."

"ಸಂಜಿ ಬಸ್ಸಿನ ಮಂದಿಗೆ ಏನ್ ಕೊಡ್ಲಿ, ನಿಮ್ಮ ಗುಳಿಗಿ ಕೊಡ್ಲೇನ್ರಿ?"

ಗಂಗವ್ವ ಕೂಡ ನಕ್ಕಳು. ನಾನು ಸರಿಯಲಿಲ್ಲ. "ಹುಳ ಸಾಯಬಾರದು, ಖರೆ. ಈ ಹೆಣ್ಮಗಳ ಕಾಲು ಸುಡಬಹುದೇನು? ಪರಪ್ಪನ ಕಾಲು ಬಂದು ನೋಡ್ರಿ, ಆಮ್ಯಾಲ ಪಾಪದ ಮಾತಾಡೋಣು."

ಪದ್ಮಣ್ಣನ ಮುಖ ಇಳಿಯಿತು. ಆಗ ಒಳಗೆ ಊಟ ಮುಗಿಸಿ ಕುಳಿತಿದ್ದ ಅವನ ತಾಯಿ ಕೂಗಿದರು: "ಪದ್ಮಾ, ಜಿಲೇಬಿ ಮ್ಯಾಲ ನೊಣಾ ಕುಂಡ್ರಬಾರದಂತ ತಂತಿ ಜಾಳಗಿ ಮುಚ್ಚತಿಯಲ್ಲೋ? ಅದನ್ನ ತಂದು ಕಡಾಯಿ ಮ್ಯಾಲ ಇಡು!"

ಈ ಮಾತು ಅವರದೋ ನನ್ನದೋ ಎಂಬ ಸಂಶಯ ನನಗಿದೆ. ಬಹಳ ವರ್ಷ ನಾನೇ ಹೇಳಿದೆ ಎಂದು ನಂಬಿದ್ದೆ. ಗಂಗವ್ವ ಆಮೇಲೊಮ್ಮೆ, "ನೀವೆಲ್ಲಿ ಹೇಳಿದ್ರಿ, ಬಾಗಲದಾಗ ಕಂಬದಂಗ ನಿಂತಿದ್ರಿ," ಎಂದು ತಿದ್ದಿದಳು. ಇಲ್ಲಿ ಅವಳ ನೆನಪನ್ನೇ ಬರೆದಿದ್ದೇನೆ.

ಜಾಳಿಗೆ ಸರಿಯಾಗಿ ಕೂತಿತು. ಆವಿ ಹೊರಗೆ ಹೋಯಿತು, ಕೆಂಡಕ್ಕೆ ಬೂದಿ ಬಿತ್ತು, ಕಡಾಯಿ ಇದ್ದಲ್ಲೇ ಇತ್ತು. ಎಣ್ಣೆಯನ್ನು ಬೆಳಿಗ್ಗೆ ತಣ್ಣಗಾದ ಮೇಲೆ ಸೋಸಿದರು. ಹಳೆಯ ರೂಢಿ ಅಷ್ಟು ಬೇಗ ಬಿಡುತ್ತದೆಂದು ನಾನು ನಂಬಲಿಲ್ಲ. ಹಲವು ಸಂಜೆ ಚಹಾದ ನೆವದಲ್ಲಿ ಹೋಗಿ ಇಣುಕಿದೆ. ಕಡೆಗೆ ಪದ್ಮಣ್ಣನೇ, "ಚಹಾ ಕುಡೀರಿ ಸಾಹೇಬ್ರ, ಕಡಾಯಿ ಅಲ್ಲೇ ಐತಿ," ಎನ್ನತೊಡಗಿದ.

ಪರಪ್ಪನ ಪಾದವನ್ನು ಪಟ್ಟಿ ಕಟ್ಟಿ ನೆಟ್ಟಗಿರಿಸಿ, ದಿನವೂ ಬಗ್ಗಿಸಿ ಚಾಚಿಸಿದೆ. ಚರ್ಮ ಬಿಗಿಯಿತು, ಆದರೆ ಪಾದ ನೆಲ ಬಿಡಲಿಲ್ಲ. ಅವನು ಕೆಲಸಕ್ಕೆ ಮರಳಿದಾಗ ಗಂಗವ್ವ ಒಲೆ ಬಿಟ್ಟುಕೊಡಲಿಲ್ಲ. ಅವನು ಬಾಜೂ ಕುಳಿತು ಮೆಣಸಿನಕಾಯಿ ಸೀಳಿದ.

ಆಮೇಲೆ ಎಷ್ಟೋ ಅಡುಗೆಮನೆ, ಗಿರಣಿ, ಆಲೆಮನೆಗಳಲ್ಲಿ ಸುಟ್ಟವರನ್ನು ನೋಡಿದೆ. ಎಲ್ಲೆಡೆ ಒಂದು ರೂಢಿ ಇರುತ್ತಿತ್ತು, ಅದು ಯಾವುದನ್ನೋ ಕಾಯುತ್ತಿತ್ತು. ಅದನ್ನು ಮುರಿಯಲು ಹೋದವರನ್ನು ಯಾರೂ ಒಳಗೆ ಬಿಡುತ್ತಿರಲಿಲ್ಲ. ಅದು ಯಾರನ್ನು ಕಾಯುತ್ತಿದೆ ಎಂದು ಮೊದಲು ಕೇಳಬೇಕು; ಆಮೇಲೆ, ಅದರ ಕಾವಲಿನಿಂದ ಹೊರಗುಳಿದವರನ್ನು ಒಳಗೆ ಸೇರಿಸುವವರೆಗೆ ಬಾಗಿಲಲ್ಲಿ ಕಂಬದಂತೆ ನಿಲ್ಲಬೇಕು.