ಹೆಚ್ಚಾದ ಹದಿನೈದು ಗುಂಟೆ

ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಚಹಾ ಕುಡಿಯುತ್ತಿರುವಾಗ, ನನ್ನ ಮೊಬೈಲಿನ ನಕ್ಷೆಯ ಪ್ರಕಾರ ನಾನು ಎದುರು ಮನೆಯವರ ಬಚ್ಚಲಲ್ಲಿರುತ್ತೇನೆ. ನೀಲಿ ಚುಕ್ಕೆಯೊಂದು ಅಲ್ಲಿ ಮಿಣುಕುತ್ತ ನನ್ನ ಮರ್ಯಾದೆ ಕಳೆಯುತ್ತಿರುತ್ತದೆ. ಎಷ್ಟು ಅಲ್ಲಾಡಿಸಿದರೂ ಅದು ಹೆಚ್ಚೆಂದರೆ ಬಚ್ಚಲಿನಿಂದ ಅವರ ದೇವರಮನೆಗೆ ಹೋದೀತೇ ಹೊರತು ನನ್ನ ಕಟ್ಟೆಗೆ ಬರುವುದಿಲ್ಲ. ಅಕ್ಷಾಂಶ ರೇಖಾಂಶಗಳನ್ನು ಹೈಸ್ಕೂಲು ಮಕ್ಕಳ ತಲೆಗೆ ತುಂಬುತ್ತಲೇ ನಿವೃತ್ತನಾದ ಭೂಗೋಳದ ಮಾಸ್ತರನಿಗೆ ಈ ಗತಿ ಬರಬಾರದಿತ್ತು.

ಇಂಥ ಯಂತ್ರವನ್ನು ನಂಬಿ ಹೊಲ ಅಳೆಯಲು ಹೊರಟೆನೆಂದರೆ ನೀವು ನಗುತ್ತೀರಿ. ನಗಿರಿ, ನಮ್ಮ ಮನೆಯಾಕೆ ಆಗಲೇ ನಕ್ಕು ಮುಗಿಸಿದ್ದಾಳೆ. ಆದರೆ ಈ ಅಳತೆಯ ಹುಚ್ಚು ಹತ್ತದವರು ನಮ್ಮ ಕಡೆ ಈಗ ಯಾರಿದ್ದಾರೆ, ಹೇಳಿ. ಕಿತ್ತೂರಿನ ನನ್ನ ಷಡ್ಡಕ ತನ್ನ ಹಿತ್ತಲನ್ನು ಅಳೆದು ಚಿತ್ರ ಕಳಿಸುತ್ತಾನೆ. ರಾಮದುರ್ಗದ ಬೀಗರು ಊಟಕ್ಕೆ ಬಂದರೆ ಎಲೆ ಹಾಕುವ ಮೊದಲು ನಮ್ಮ ಅಂಗಳ ಸುತ್ತಿ ಬರುತ್ತಾರೆ. ನಾನೊಬ್ಬನೇ ಹಿಂದುಳಿಯಬಾರದೆಂದು, ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿರುವ ನಮ್ಮ ಎರೆಹೊಲಕ್ಕೆ ಹೋಗಿ, ಮೊಬೈಲನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದುಕೊಂಡು, ಬದುವಿನ ಗುಂಟ ಪ್ರದಕ್ಷಿಣೆ ಹಾಕಿದೆ. ಹಿಂದಿನ ದಿನ ಮಳೆಯಾಗಿತ್ತು. ಸುತ್ತು ಮುಗಿಯುವ ಹೊತ್ತಿಗೆ ಅರ್ಧ ಹೊಲ ನನ್ನ ಚಪ್ಪಲಿಗೇ ಅಂಟಿಕೊಂಡಿತ್ತು. ಪರದೆಯ ಮೇಲೆ ಅಂಕಿ ಮೂಡಿತು: 4.25 ಎಕರೆ.

ಹೊಲದ ಪಹಣಿಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಉತಾರದಲ್ಲಿ, ಇರುವುದು ನಾಲ್ಕು ಎಕರೆ ಹತ್ತು ಗುಂಟೆ. ಮೊಬೈಲು ಹೇಳುತ್ತಿರುವುದು ನಾಲ್ಕು ಎಕರೆ ಇಪ್ಪತ್ತೈದು ಗುಂಟೆ. ಅಂದರೆ ಹದಿನೈದು ಗುಂಟೆ ಹೆಚ್ಚು. ನನ್ನನ್ನು ಕಂಡವರ ಬಚ್ಚಲಲ್ಲಿ ಕೂರಿಸಿದ ಯಂತ್ರವೇ ಆ ಕ್ಷಣದಲ್ಲಿ ಸಾಕ್ಷಾತ್ ಸತ್ಯಮೂರ್ತಿಯಾಗಿ ಕಂಡಿತು. ಲಾಭ ತೋರಿಸುವವರ ಮೇಲೆ ಭಕ್ತಿ ಎಷ್ಟು ಬೇಗ ಹುಟ್ಟುತ್ತದೆ ನೋಡಿ.

ಬದುವಿನಾಚೆಯ ಹೊಲ ದಸ್ತಗೀರಸಾಬರದು. ನಾನು ಊರಲ್ಲಿಲ್ಲದಾಗ ನನ್ನ ಬೆಳೆಗೆ ನುಗ್ಗಿದ ದನ ಅಟ್ಟುವವರು, ಬಿತ್ತುವ ಹದ ಬಂತೆಂದು ಫೋನು ಮಾಡಿ ಕರೆಸುವವರು ಅವರೇ. ಆಗ ಎತ್ತುಗಳಿಗೆ ಹುಲ್ಲು ಕೊಯ್ಯುತ್ತಿದ್ದರು. ಹಿಗ್ಗು ತಡೆಯಲಾರದೆ ಕೂಗಿ ಹೇಳಿದೆ:

“ದಸ್ತಗೀರಣ್ಣ, ನಂದು ಹದಿನೈದು ಗುಂಟಿ ಹೆಚ್ಚ ಐತಿ ನೋಡ್ರಿ.”

ಅವರು ಕುಡಗೋಲು ಕೆಳಗಿಟ್ಟು, “ಹೌದೇನ್ರಿ ಮಾಸ್ತರ್ರ” ಎಂದಷ್ಟೇ ಅಂದರು.

ಅಂದಿನಿಂದ ಅವರ ಫೋನು ನಿಂತಿತು. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಜೋಳ ಬಿತ್ತುವ ಹದ ಬಂದು ಹೋದದ್ದು ಯರಗಟ್ಟಿ ಬಸ್ಸಿನಲ್ಲಿ ಸಿಕ್ಕ ಯಾರದೋ ಬಾಯಿಂದ ತಿಳಿಯಿತು. ಅದರ ಬೆನ್ನಿಗೇ ನೋಟೀಸು ಬಂತು: ಸರ್ವೆಯವರಿಂದ ಗಡಿ ಗೊತ್ತುಮಾಡಿಸಲು ದಸ್ತಗೀರಸಾಬರು ಅರ್ಜಿ ಕೊಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಒಂದೇ ಬೇವಿನ ಮರದ ನೆರಳಲ್ಲಿ ಬುತ್ತಿ ಬಿಚ್ಚಿದವರು, ನನ್ನ ಹೊಲ ನನಗೆ ಹೆಚ್ಚು ಬಂದರೆ ಇವರಿಗೇನು ಸಂಕಟ ಎಂದು ಮನೆಯ ತುಂಬ ಹಾರಾಡಿದೆ.

ಬರುತ್ತೇನೆಂದ ದಿನವೆಲ್ಲ ಬಾರದೆ, ನಾನು ಆಸೆ ಬಿಟ್ಟ ದಿನ ಸರ್ವೆಯರು ಬಂದರು. ಮುಳ್ಳುಕಂಟಿ ಸರಿಸಿ ಗಡಿಕಲ್ಲುಗಳನ್ನು ಹುಡುಕಿ, ಮುಕ್ಕಾಲಿಯ ಮೇಲೆ ಯಂತ್ರವಿಟ್ಟು, ಬಿಸಿಲು ಏರುವವರೆಗೆ ಅಳೆದರು. ಬದುವಿನ ಆ ತುದಿಗೆ ದಸ್ತಗೀರಸಾಬರು, ಈ ತುದಿಗೆ ನಾನು, ಇಬ್ಬರೂ ಮೋಡ ನೋಡುತ್ತ ನಿಂತಿದ್ದೆವು, ಆಕಾಶದಲ್ಲಿ ಮೋಡವಿರಲಿಲ್ಲ.

“ನಾಲ್ಕ ಎಕರೆ ಹತ್ತ ಗುಂಟಿ. ಕಲ್ಲ ಇದ್ದಲ್ಲೇ ಅದಾವ್ರಿ,” ಎಂದರು ಸರ್ವೆಯರು.

ನಾನು ಜೋಪಾನವಾಗಿ ಉಳಿಸಿಕೊಂಡಿದ್ದ ಮೊಬೈಲಿನ ಅಂಕಿಯನ್ನು ಅವರ ಮೂಗಿಗೆ ಹಿಡಿದೆ. ಅವರು ಬೇಸರದಿಂದ ನೋಡಿ, “ಇದೂ ಅದನ್ನ ಹೇಳತೈತಲ್ರಿ ಸರ. ಪಾಯಿಂಟ್ ಇಪ್ಪತ್ತೈದಂದ್ರ ಪಾವ ಎಕರೆ, ಕಾಲು ಭಾಗ. ಎಕರೆಕ್ಕ ನಲವತ್ತ ಗುಂಟಿ, ಅದರಾಗ ಪಾವ ಅಂದ್ರ ಹತ್ತ,” ಎಂದು ಯಂತ್ರ ಮಡಚತೊಡಗಿದರು.

ಉಪಗ್ರಹವೂ ಸರಿ, ಸರಕಾರವೂ ಸರಿ, ಅಜ್ಜನ ಕಾಲದ ಕಲ್ಲುಗಳೂ ಸರಿ. ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಈ ಮೂವರು ನನ್ನನ್ನು ಪೆದ್ದನನ್ನಾಗಿಸಲು ಮಾತ್ರ ಒಂದಾಗಿದ್ದರು. ಒಬ್ಬರಾದರೂ ತಪ್ಪಿದ್ದರೆ ಬಾಯ್ತುಂಬ ಬೈಯಬಹುದಿತ್ತು, ಅದಕ್ಕೂ ಆಸ್ಪದವಿಲ್ಲ. ಹದಿನೈದು ಗುಂಟೆ ಇದ್ದದ್ದು ನನ್ನ ತಲೆಯಲ್ಲಿ.

ಸರ್ವೆಯರು ಹೋದ ಮೇಲೆ ದಸ್ತಗೀರಸಾಬರ ಹತ್ತಿರ ಹೋಗಿ, ನಗು ತಂದುಕೊಂಡು, “ಲೆಕ್ಕ ತಪ್ಪಿತ್ರಿ ದಸ್ತಗೀರಣ್ಣ, ಮನಸಿನ್ಯಾಗ ಇಟ್ಕೋಬ್ಯಾಡ್ರಿ,” ಎಂದೆ.

“ಲೆಕ್ಕ ಯಾರಿಗಾದ್ರೂ ತಪ್ಪತೈತ್ರಿ ಮಾಸ್ತರ್ರ,” ಎಂದರು ಅವರು. “ನಿಮ್ಮದು ಹದಿನೈದು ಗುಂಟಿ ಹೆಚ್ಚೈತಿ ಅಂದಕೂಡ್ಲೇ ನಂದು ಅಷ್ಟು ಕಡಿಮಿ ಆಗಿರಬೇಕಂತ ನನಗ ತಿಳೀತು. ನಿಮಗ್ಯಾಕ ತಿಳೀಲಿಲ್ಲ?”

ನನಗೆ ನಾಚಿಕೆಯಾಯಿತು. ಅಂದು ಹಿಗ್ಗಿ ಕೂಗುವಾಗ ಬದುವಿನಾಚೆ ದಸ್ತಗೀರಸಾಬರು ಇದ್ದಾರೆಂದು ಕಂಡಿತ್ತು. ಅವರಿಗೂ ಒಂದು ಹೊಲವಿದೆ ಎಂಬುದು ಹೊಳೆದಿರಲಿಲ್ಲ.