ಬಾಣಂತನಕ್ಕೆ ಬೇಕಾದ ಖೋಲಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಸುಳ್ಳು ಹೇಳಿ ಒಂದು ಸಂಸಾರವನ್ನು ಮನೆಯಿಂದ ಎಬ್ಬಿಸಿದೆ. ಅದೂ ಎಂಥ ಸುಳ್ಳು! ಇಷ್ಟು ದಿನ ಯಾರೆದುರೂ ಬಾಯಿ ಬಿಟ್ಟಿಲ್ಲ, ನಾಚಿಕೆ.

ಪುಣೆಯ ಶಿವಾಜಿನಗರ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಧಾರವಾಡದಿಂದ ಮದುವೆಯಾಗಿ ಬಂದದ್ದು ಇದೇ ಮನೆಗೆ. ಮೇಲೆ ನಾವಿಬ್ಬರು ಮುದುಕ-ಮುದುಕಿ. ಕೆಳಗೆ ಬೇರೆ ಬಾಗಿಲಿನ ಎರಡು ಖೋಲಿ. ಅಲ್ಲಿ ಎಂಟು ವರ್ಷದಿಂದ ಬೈಲಹೊಂಗಲ ಕಡೆಯ ಒಂದು ಸಂಸಾರವಿತ್ತು. ಅವನದು ರಿಕ್ಷಾ. ಅವಳು ಬೆಳಿಗ್ಗೆ ಆರಕ್ಕೇ ಹೊರಟು ಸುತ್ತಲಿನ ಐದು ಮನೆಗಳಲ್ಲಿ ಚಪಾತಿ ಮಾಡಿಕೊಟ್ಟು ಬರುವಳು. ಒಬ್ಬಳೇ ಮಗಳು, ಶಾಲೆ ನಮ್ಮ ಓಣಿಯ ತುದಿಯಲ್ಲೇ.

ಪುಣೆಯಲ್ಲಿ ಬಾಡಿಗೆಯ ಕರಾರು ಹನ್ನೊಂದೇ ತಿಂಗಳಿನದು. ಮುಗಿದಾಗಲೆಲ್ಲ ಏಜೆಂಟ್ ಹೆಬ್ಬೆರಳಿನ ಗುರುತು ಹಿಡಿಯುವ ಮಶೀನು ತರುತ್ತಿದ್ದ. ಹಿಟ್ಟು ನಾದಿ ನಾದಿ ಅವಳ ಬೆರಳಿನ ಗೆರೆಗಳೇ ಸವೆದಿದ್ದವು, ಮಶೀನು ಹಿಡಿಯುತ್ತಿರಲಿಲ್ಲ. ಒರೆಸು, ಒತ್ತು, ಮತ್ತೆ ಒರೆಸು. "ನಾ ಯಾರಂತ ನಿಮಗ ಗೊತ್ತದಲ್ರಿ ಅಕ್ಕಾರ, ಮಶೀನಿಗೆ ಗೊತ್ತಾಗದಿದ್ರ ಏನಾತು?" ಎಂದು ನಗುತ್ತಿದ್ದಳು. ಜೂನ್‌ನಲ್ಲಿ ಮಗಳು ಹತ್ತನೇ ತರಗತಿಗೆ ಕಾಲಿಟ್ಟಾಗ ಮಾತ್ರ ಗಂಭೀರವಾಗಿ ಕೇಳಿದಳು: "ಬಾಡಿಗಿ ಬೇಕಾದ್ರ ಸ್ವಲ್ಪ ಏರಸ್ರಿ. ಇಕಿ ಪರೀಕ್ಷಾ ಮುಗಿಯೂತನಾ ಹೋಗು ಅನಬ್ಯಾಡ್ರಿ." ನಾನು ಆಗಲಿ ಎಂದೆ. ಬಾಯಿ ತುಂಬ ಆಗಲಿ ಎಂದೆ.

ನಮ್ಮ ಕಡೆ ಯೋಗ ಕಲಿಯಲು ಪರದೇಶದವರು ಬರುತ್ತಾರೆ. ತಿಂಗಳಿಗೊಬ್ಬರು, ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು. ಎದುರು ಮನೆಯಾಕೆ ಒಂದು ಖೋಲಿಗೆ ಸುಣ್ಣ ಹೊಡೆಸಿ, ಗೀಸರ್ ಕೂಡಿಸಿ ಅವರಿಗೇ ಕೊಡತೊಡಗಿದಳು. ಅವಳ ಒಂದು ಖೋಲಿ ನಮ್ಮ ಎರಡು ಖೋಲಿಗಿಂತ ಎಷ್ಟೋ ಪಟ್ಟು ತರುತ್ತದೆ ಎಂದು ಏಜೆಂಟ್ ನನ್ನ ಕಿವಿಯಲ್ಲಿ ಹಾಕಿದ. ಪರದೇಶದವರನ್ನು ಇಟ್ಟುಕೊಂಡರೆ ಪೊಲೀಸರಿಗೆ ಕೊಡುವ ಕಾಗದವನ್ನೂ ತಾನೇ ನೋಡಿಕೊಳ್ಳುತ್ತೇನೆಂದ. ಓಣಿಯಲ್ಲಿ ಒಂದೊಂದೇ ಬಾಗಿಲಿಗೆ ಹೊಸ ಬಣ್ಣ ಬಂತು, ಒಳಗಿದ್ದ ನಮ್ಮಂಥವರು ದೂರದ ಕಾತ್ರಜದ ಕಡೆ ಸರಿದರು. ನಮಗೇನು ಕಡಿಮೆಯಾಗಿತ್ತು? ಏನೂ ಇಲ್ಲ. ಮನೆಯವರ ಪೆನ್ಷನ್ನು ಬರುತ್ತಿತ್ತು. ಎದುರು ಮನೆಯಾಕೆಯ ಹೊಸ ಅಡುಗೆಮನೆ ನೋಡಿ ನನ್ನ ಹೊಟ್ಟೆ ಉರಿದಿತ್ತು, ಅಷ್ಟೇ.

ಅಕ್ಟೋಬರಿನಲ್ಲಿ ಕರಾರು ಮುಗಿಯಿತು. ಹೆಚ್ಚು ಹಣ ಬರುತ್ತದೆ, ಬಿಡು ಎಂದು ಮುಖಕ್ಕೆ ಹೇಳಲು ನಾಲಿಗೆ ಏಳಲಿಲ್ಲ. ಮಾತು ಕೊಟ್ಟವಳಲ್ಲವೇ ನಾನು! ಯಾರೂ ಒಲ್ಲೆ ಅನ್ನಲಾಗದ ಕಾರಣವೊಂದು ಬೇಕಿತ್ತು. ಹೇಳಿಬಿಟ್ಟೆ:

"ಮಗಳು ಹಡೀಲಿಕ್ಕೆ ಬರ್ತಾಳವಾ. ಏಳರಾಗ ಅದಾಳ. ಮೆಟ್ಟಿಲ ಹತ್ತಬಾರದಂತ, ಕೆಳಗಿನ ಖೋಲಿ ಬೇಕು."

ನಾಗಪುರದಲ್ಲಿರುವ ನನ್ನ ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಡಾಕ್ಟರು, ಸೂಜಿ, ಎರಡು ಸಲ ಬಸಿರು ನಿಂತು ಇಳಿದುಹೋದದ್ದು, ಎಲ್ಲ ಕೆಳಗಿನ ಮನೆಯ ಈ ಹೆಣ್ಣಿಗೆ ಗೊತ್ತಿತ್ತು. ನನ್ನ ಮಗಳಿಗಾಗಿ ಎರಡು ವರ್ಷದಿಂದ ಪ್ರತಿ ಶುಕ್ರವಾರ ಒಪ್ಪತ್ತು ಮಾಡುತ್ತಿದ್ದಳು. ಕೇಳಿದ್ದೇ ತಡ, ನನ್ನ ಎರಡೂ ಕೈ ಹಿಡಿದು ಅತ್ತುಬಿಟ್ಟಳು. "ಕಡೀಗೂ ತಾಯಿ ಕಣ್ಣು ತೆರದಳಲ್ರಿ! ನಮ್ಮದೇನ್ರಿ, ಎಲ್ಲಾರ ಇರತೀವಿ." ಎಂಟೇ ದಿನದಲ್ಲಿ ಊರ ಹೊರಗೆ ಧನಕವಡಿಯ ಆಚೆ, ತಗಡು ಹೊದಿಸಿದ ಒಂದು ಪತ್ರಾಸಿನ ಖೋಲಿ ಹುಡುಕಿಕೊಂಡು ಹೋದರು. ಹೋಗುವ ದಿನ ನೆಲ ಸಾರಿಸಿ, ಬಾಣಂತಿಗೆ ಥಂಡಿ ಆಗಬಾರದೆಂದು ಕಿಟಕಿಯ ಸಂದಿಗೆ ಅರಿವೆ ತುರುಕಿ ಹೋದಳು.

ಮನೆಯವರು ಅಂದು ಊಟ ಮಾಡಲಿಲ್ಲ. "ಹೊಟ್ಟಿಯೊಳಗ ಇಲ್ಲದ ಕೂಸಿನ ಹೆಸರಲೆ ಬಾಡಿಗಿ ತಗೋತೀಯೇನ?" ಎಂದರು. ನೀವು ಸುಮ್ಮನಿರ್ರಿ ಎಂದೆ. ಮರುದಿನ ಸುಣ್ಣದವನು ಬಂದ.

ಫೆಬ್ರವರಿಯ ಒಂದು ಮಧ್ಯಾಹ್ನ ಕೆಳಗೆ ಬಾಗಿಲು ಬಡಿದ ಸದ್ದು, ಪರಿಚಿತ ದನಿ. ಇಳಿದು ಹೋದೆ. ಖೋಲಿಯ ಬಾಗಿಲು ತೆರೆದು ಪರದೇಶದ ಹೆಂಗಸು ನಿಂತಿದ್ದಳು, ಪಾಪ, ಏನೂ ತಿಳಿಯದೆ ನಗುತ್ತಿದ್ದಳು. ಹೊರಗೆ ಅವಳು, ಮೊದಲು ಅಲ್ಲೇ ಇದ್ದವಳು. ಒಂದು ಕೈಯಲ್ಲಿ ಡಬ್ಬಿ, ಬಗಲಲ್ಲಿ ಮಡಿಸಿದ ಕೌದಿ.

"ಅಂಟಿನುಂಡಿ ತಂದೇನ್ರಿ ಅಕ್ಕಾರ, ಬಾಣಂತಿ ತಂಗಿಗೆ. ಎರಡು ಬಸ್ಸು ನೋಡ್ರಿ, ಬರೂದು ತಡ ಆತು."

ಕೌದಿ ಬಿಚ್ಚಿ ತೋರಿಸಿದಳು. ಎಳೆಗೂಸಿಗೆಂದು ಮೆತ್ತಗಿನ ಹಳೆಯ ಸೀರೆಗಳಿಂದ ಹೊಲಿದದ್ದು. ಹಸಿರು, ಬದನೆಕಾಯಿ ಬಣ್ಣ, ಹಳದಿ ಅಂಚು. ಎಲ್ಲ ನನ್ನವೇ ಸೀರೆಗಳು, ದೀಪಾವಳಿಗೊಂದರಂತೆ ನಾನು ಉಟ್ಟು ಬಿಟ್ಟು ಅವಳಿಗೆ ಕೊಟ್ಟವು. ಏನಾದರೂ ಮಾತಾಡಬೇಕಲ್ಲ, ಮಗಳ ಓದು ಹೆಂಗದ ಎಂದೆ.

"ಸಾಲಿ ಬಿಟ್ಟಾಳ್ರಿ. ನನ್ನ ಚಪಾತಿ ಮನೀಗೋಳು ಹೋದುವಲ್ರಿ, ಡಬ್ಬಿ ಕಟ್ಟೂ ಹೊತ್ತಿಗೆ ನಾ ಮುಟ್ಟದಿದ್ರ ಯಾರು ಕಾಯತಾರ? ಅಕೀನ್ನ ಅರಿವಿ ಅಂಗಡ್ಯಾಗ ಕೆಲಸಕ್ಕ ಹಚ್ಚೀನಿ. ಮುಂದಿನ ವರ್ಷ ಬರೀತಾಳ ತಗೋರಿ." ಆಮೇಲೆ ನನ್ನ ಭುಜದಾಚೆ ಖೋಲಿಯೊಳಗೆ ಇಣುಕಿದಳು. ತೊಟ್ಟಿಲಿಲ್ಲ. ನೆಲದ ಮೇಲೆ ಒಂದು ನೀಲಿ ಚಾಪೆ. "ಕೂಸು ಎಲ್ಲೈತ್ರಿ?"

ಬಾಯಿ ತೆರೆದೆ. ಕಣ್ಣಲ್ಲಿ ನೀರು ಬಂತು. ಅವಳು ನನ್ನ ಮುಖ ನೋಡಿದಳು, ಚಾಪೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಡಬ್ಬಿ ಕೆಳಗಿಟ್ಟು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಅಯ್ಯ ನನ್ನವ್ವಾ, ಈ ಸಲಾನೂ ಉಳೀಲಿಲ್ಲೇನ್ರಿ?"

ಇಲ್ಲ, ಹುಟ್ಟೇ ಇಲ್ಲ ಎನ್ನಬೇಕಿತ್ತು. ಎರಡೇ ಮಾತು. ಅನ್ನಲಿಲ್ಲ. ಥೂ, ನನ್ನ ಬಾಳಿಗಿಷ್ಟು! ಅವಳ ಹೆಗಲಿಗೆ ಮುಖ ಒತ್ತಿ ಸುಮ್ಮನೆ ಅತ್ತೆ. ಗೆರೆ ಸವೆದ ಆ ಬೆರಳುಗಳಿಂದ ನನ್ನ ಬೆನ್ನು ಸವರುತ್ತಾ ಅವಳೇ ನನಗೆ ಸಮಾಧಾನ ಹೇಳಿದಳು.

"ಸಾಲಿ ಏನ್ರಿ, ಮುಂದಿನ ವರ್ಷನೂ ಇರತೈತಿ. ನಿಮ್ಮ ಸಂಕಟದ ಮುಂದ ನಮ್ಮದೇನು ದೊಡ್ಡದ್ರಿ? ಕೌದಿ ಇಟಗೋರಿ ಅಕ್ಕಾರ. ನಾ ಶುಕ್ರವಾರ ಬಿಡಂಗಿಲ್ಲ."